ಬಳೆಯ ಗುರುತಿನ ಹನ್ನೊಂದು ಹಾಳೆಗಳು

ಮೊನ್ನೆ ಸಿಂದಗಿ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ನನ್ನ ಕೈ ಹಿಡಿದಳು. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಹೊಸದಾಗಿ ಸೇರಿದವಳಂತೆ. “ಹುಸೇನಬಿ ಆಂಟಿ, ಇಷ್ಟು ವರ್ಷ ಗಾಯಾ ಕಟ್ಟೀರಿ. ನಮಗೂ ಏನರ ಹೇಳ್ರಿ” ಎಂದಳು. ಕಲಬುರಗಿ ಬಸ್ಸು ಹೊರಡುವ ಹೊತ್ತು. ನಿಂತು ಹೇಳುವ ಮಾತಲ್ಲ, ಬರೆದು ಕೊಡುತ್ತೇನೆ ಎಂದುಬಿಟ್ಟೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆಯುತ್ತೇನೆ ಎಂದದ್ದನ್ನು ಕೇಳಿ ನನ್ನ ಮಗಳು ನಕ್ಕಳು. ನಗಲಿ. ಈ ತಿಂಗಳು ನನಗೆ ಯಾರು ನಕ್ಕರೂ ಸಂತೋಷವೇ.

ಯಾಕೆಂದರೆ ನನ್ನ ಮೊಮ್ಮಗಳು ರುಬೀನಾ ಪಿಎಚ್‌ಡಿ ಪಾಸಾಗಿದ್ದಾಳೆ. ಅವಳು ಮಾಡಿದ್ದು ಗಾಯದ ಓದು. ಗಾಯವಾದಾಗ ಕಣ್ಣಿಗೆ ಕಾಣದ ಚರ್ಮದ ಜೀವಕೋಶಗಳು ಹೇಗೆ ಸರಿದು, ಹೇಗೆ ಸಾಲುಗೂಡಿ ಆ ಖಾಲಿ ಜಾಗವನ್ನು ಮುಚ್ಚುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು. ನಾನು ಬೆರಳಿನಿಂದ ಮಾಡಿದ ಕೆಲಸವನ್ನು ಅವಳು ಗಣಿತದಿಂದ ಮಾಡಿದ್ದಾಳೆ. ಓಣಿಗೆಲ್ಲ ಸಕ್ಕರೆ ಹಂಚಿಬಂದೆ, ಆದರೂ ಹೊಟ್ಟೆಯಲ್ಲಿ ಸಂತೋಷ ಹಿಡಿಸುತ್ತಿಲ್ಲ. ಈ ಸಂತೋಷ ಕೈತಪ್ಪಿ ಹೋಗುವುದರಲ್ಲಿತ್ತು. ನಾನು ಬಹಳ ವರ್ಷ ಮುಚ್ಚಿಟ್ಟ ಒಂದು ತಪ್ಪು, ಪರೀಕ್ಷೆಗೆಂದು ಅವಳು ಬರೆದ ಪುಸ್ತಕದ ಕಡೆಯ ಅಧ್ಯಾಯಕ್ಕೆ ಅಡ್ಡ ಬಂದಿತ್ತು. ಅದನ್ನು ಹೇಳುತ್ತೇನೆ. ಅದಕ್ಕಿಂತ ಮೊದಲು ಕೆಲಸ ಹೇಗಿತ್ತು ಎಂಬುದು ಗೊತ್ತಾಗಬೇಕು.

ನಾನು ಇಂಡಿ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದು ಕಸಬರಿಗೆ ಹಿಡಿಯಲು. ಗಾಯ ಕಟ್ಟುವ ಮನುಷ್ಯ ರಜೆ ಹಾಕಿದ ದಿನ ಸಿಸ್ಟರು ನನ್ನನ್ನು ಕರೆದು, “ನಿನ್ನ ಕೈ ಸಣ್ಣವು ಅದಾವ, ಬಾ ಇಲ್ಲಿ” ಎಂದರು. ಒಬ್ಬ ಮುದುಕ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಸಲಿಕೆ ಏಟು ತಿಂದ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದೆ. ಒಳಗೆ ಹುಳ ಓಡಾಡುತ್ತಿದ್ದವು. ಮುಂದಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ಮುದುಕ ರುಮಾಲು ಬಿಚ್ಚಿ ನನಗೆ ಗಾಳಿ ಬೀಸುತ್ತಿದ್ದ.

“ಏಳವಾ, ಹುಳಾ ನನ್ನ ಕಾಲಾಗ ಅದಾವ, ನಿನ್ನ ಕಾಲಾಗಲ್ಲ” ಎಂದ.

ಎದ್ದೆ. ಟರ್ಪೆಂಟೈನ್ ಹಾಕಿ ಒಂದೊಂದೇ ಹುಳ ತೆಗೆದೆ. ಅವನು ಎಣಿಸುತ್ತಾ ಕೂತಿದ್ದ. ಆ ದಿನದಿಂದ ಕಸಬರಿಗೆ ಬಿಟ್ಟು ಚಿಮಟ ಹಿಡಿದೆ. ಮುಂದೆ ನನ್ನ ಹುದ್ದೆಯ ಹೆಸರು ಎರಡು ಸಲ ಬದಲಾಯಿತು, ಕೆಲಸ ಮಾತ್ರ ಅದೇ.

ಆಗಿನ ಪದ್ಧತಿ ಈಗಿನವರಿಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಒಣ ಬಟ್ಟೆ ಗಾಯಕ್ಕೆ ಅಂಟಿಸಿ ಕಟ್ಟುವುದು, ಮರುದಿನ ಅದನ್ನು ಸರ್ರೆಂದು ಎಳೆಯುವುದು, ನೊರೆ ಬರುವ ಔಷಧಿ ಸುರಿದು ತಿಕ್ಕುವುದು, ಹಳದಿಯದೋ ನೇರಳೆಯದೋ ಬಣ್ಣ ಹಚ್ಚುವುದು. “ರಕ್ತ ಕಂಡ್ರ ಗಾಯ ಜೀವಂತ ಐತಿ ಅಂತ ತಿಳಿ” ಎನ್ನುತ್ತಿದ್ದರು ಸಿಸ್ಟರು. ನಾನು ಹಾಗೇ ತಿಳಿದೆ. ಎಷ್ಟು ಜನ ನನ್ನ ತವರು ಮನೆಯನ್ನು ಬೈದರೋ ಲೆಕ್ಕವಿಲ್ಲ.

ಇಂಡಿಯಿಂದ ಸಿಂದಗಿಗೆ ವರ್ಗವಾಯಿತು. ಹಾಳೆಯ ಮೇಲೆ ಗಾಯ ಬರೆಯುವುದು ಶುರುವಾದದ್ದು ಅಲ್ಲಿ. ಬೀರಪ್ಪ ಎಂಬ ಕುರುಬ ಮೀನಖಂಡದ ಹುಣ್ಣು ತೋರಿಸಲು ಬರುತ್ತಿದ್ದ. ಹುಣ್ಣು ಸಣ್ಣದಾಗುತ್ತಿತ್ತು. ಅವನು ಮಾತ್ರ ದಿನಾ ಒಂದೇ ಮಾತು: “ದೊಡ್ಡದ ಆಗಾಕತ್ತೇತಿ. ನೀವು ಸುಳ್ಳ ಹೇಳಾಕತ್ತೀರಿ. ನಾ ನಾಟಿ ಔಷಧ ಹಚ್ಚಸ್ಕೊತೇನಿ.” ನಾಟಿ ಔಷಧ ಎಂದರೆ ಕೇರುಬೀಜದ ಎಣ್ಣೆ. ಅದು ಬಿದ್ದರೆ ಇದ್ದ ಚರ್ಮವೂ ಹೋಗುತ್ತಿತ್ತು.

ನಮ್ಮ ಮನೆಯಲ್ಲಿ ನಾವು ಹಳೆ ಬಟ್ಟೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತೇವೆ. ಹರಿದ ಕಡೆ ತೇಪೆ ಹಾಕಬೇಕಾದರೆ ತೂತಿನ ಮೇಲೆ ಕಾಗದ ಇಟ್ಟು ಅಂಚು ಗೀಚಿಕೊಂಡು ಅದೇ ಅಳತೆಗೆ ಬಟ್ಟೆ ಕತ್ತರಿಸುವುದು ರೂಢಿ. ಬೀರಪ್ಪನ ಹುಣ್ಣಿಗೂ ಹಾಗೇ ಮಾಡಿದೆ. ಬೇಡವಾದ ಎಕ್ಸ್‌ರೇ ಹಾಳೆಯನ್ನು ಬಟ್ಟೆ ಸೋಡಾದ ನೀರಿನಲ್ಲಿ ತೊಳೆದರೆ ಗಾಜಿನಂತಾಗುತ್ತದೆ. ಗಾಯದ ಮೇಲೆ ಮೊದಲು ಸಲೈನ್ ಚೀಲದ ಶುದ್ಧವಾದ ತೆಳು ಹೊದಿಕೆ, ಅದರ ಮೇಲೆ ಈ ಹಾಳೆ, ಮೇಲಿನಿಂದ ಪೆನ್ನಿನಲ್ಲಿ ಅಂಚು. ಪ್ರತಿ ಸೋಮವಾರ ಒಂದು. ಬರೆಯುವುದು ನನಗೆ ತಡ, ಆದ್ದರಿಂದ ಮೂಲೆಯಲ್ಲಿ ಹೆಸರಿನ ಬದಲು ಒಂದು ಕುರಿ ಬಿಡಿಸಿದೆ, ವಾರಕ್ಕೊಂದು ಗೆರೆ ಹಾಕಿದೆ. ಮೂರನೇ ಸೋಮವಾರ ಬೀರಪ್ಪ ಮೂರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಖರೇನ ಸಣ್ಣದ ಆಗೇತಿ. ಬಿಡು, ಸುಳ್ಳ ಹೇಳಿಲ್ಲ ನೀ” ಎಂದ. ಆಮೇಲೆ ಮೂಲೆಯ ಮೇಲೆ ಬೆರಳಿಟ್ಟು, “ಆದ್ರ ಇದು ಕುರಿ ಅಲ್ಲ, ನಾಯಿ” ಎಂದ.

ನಮ್ಮ ದೊಡ್ಡ ಡಾಕ್ಟರು ಸಿಡುಕಿನ ಮನುಷ್ಯ. ಆ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ ಹೋದರು. ಮರುದಿನ ಹಳೆಯ ಎಕ್ಸ್‌ರೇಗಳ ಒಂದು ಕಟ್ಟು ನನ್ನ ಮೇಜಿನ ಮೇಲಿತ್ತು. ಅಂಥ ಮೇಲಧಿಕಾರಿ ಸಿಕ್ಕರೆ ಅವರ ಸಿಡುಕನ್ನು ಸಹಿಸಿಕೊಳ್ಳಿ.

ಹಾಳೆ ಬರೆಯುತ್ತಾ ಬರೆಯುತ್ತಾ ನನಗೊಂದು ತಿಳಿವಳಿಕೆ ಬಂತು, ಅದರ ಸೊಕ್ಕೂ ಬಂತು. ಕೌದಿಯನ್ನು ನಾವು ಅಂಚಿನಿಂದ ಹಿಡಿಯುತ್ತೇವೆ. ನಾಲ್ಕು ಕಡೆ ನಾಲ್ವರು ಕೂತು, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತೇವೆ. ನನ್ನ ಹಾಳೆಗಳಲ್ಲಿ ಗಾಯವೂ ಹಾಗೇ ಮುಚ್ಚುತ್ತಿತ್ತು, ಅಂಚಿನಿಂದ ನಡುವಿಗೆ. ಹೊಸಬರು ಯಾರೇ ಬರಲಿ, “ಚರ್ಮ ಅಂಚಿನಿಂದ ಬರತೈತಿ, ನಡಕ ಏನ ಬಂದ್ರೂ ಅದು ಹೊಲಸು, ತಗೀಬೇಕು” ಎಂದು ಹೇಳಿಕೊಡುತ್ತಿದ್ದೆ.

ಅಲ್ಲಿಂದ ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಗೆ ಹಾಕಿದರು. ಸಣ್ಣ ಆಸ್ಪತ್ರೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನ ಡ್ರೆಸ್ಸಿಂಗ್ ಕೋಣೆಗೆ ನಾನೇ ರಾಣಿ. ಗುರವ್ವ ಬಂದದ್ದು ಅಲ್ಲಿಗೆ. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಬಳೆ ಇಡುವವಳು, ನನ್ನದೇ ವಯಸ್ಸು. ಕುದಿಯುವ ಅಂಬಲಿ ಗಡಿಗೆ ಜಾರಿ ಮೊಣಕಾಲಿನ ಕೆಳಗೆ ಒಂದೂವರೆ ಅಂಗೈಯಷ್ಟು ಸುಟ್ಟಿತ್ತು. “ಊರೂರ ಮದಿವಿ ಸುಗ್ಗಿ ಬರೂದ್ರಾಗ ನನ್ನ ಕಾಲ ಮ್ಯಾಲ ನಿಂದ್ರಸು. ಕಾಲಿಲ್ಲಂದ್ರ ನನ್ನ ಬಳಿ ಯಾರ ಇಡಸ್ಕೊತಾರ” ಎಂದಳು. ಅವಳ ಹಾಳೆಗಳ ಮೂಲೆಯಲ್ಲಿ ಒಂದು ದುಂಡು ಬಳೆ ಬಿಡಿಸಿದೆ. ಅದೊಂದು ನನಗೆ ಸರಿಯಾಗಿ ಬರುತ್ತಿತ್ತು.

ಐದು ವಾರ ಚೆನ್ನಾಗಿ ನಡೆಯಿತು. ಆರನೇ ಸೋಮವಾರ ಕಟ್ಟು ಬಿಚ್ಚಿದಾಗ ಕೆಂಪು ಮಾಂಸದ ನಡುವೆ ಜೋಳದ ನುಚ್ಚಿನಷ್ಟು ಬಿಳಿ ಚುಕ್ಕಿಗಳು ಎದ್ದಿದ್ದವು. ಹಾಳೆಯ ಮೇಲೆ ಅವನ್ನೂ ಬರೆದುಕೊಂಡೆ, ಕಂಡದ್ದೆಲ್ಲ ಬರೆಯುವುದು ನನ್ನ ರೂಢಿ. ಬರೆದಾದ ಮೇಲೆ ಚಿಮಟ ತೆಗೆದುಕೊಂಡು ಕೆರೆಯತೊಡಗಿದೆ. ಗುರವ್ವ ನನ್ನ ಮುಂಗೈ ಹಿಡಿದಳು.

“ಹುಸೇನಬೀ, ಅವು ಹೊಲಸಲ್ಲ ಅನಸ್ತೈತಿ. ಮುಟ್ಟಿದ್ರ ಚುರ್ ಅಂತಾವ. ಮುಟ್ಟಬ್ಯಾಡ.”

“ಬಳಿ ಇಡೂದು ನಿನ್ನ ಕೆಲಸ, ಗಾಯ ತೊಳಿಯೂದು ನನ್ನ ಕೆಲಸ. ಕೈ ಬಿಡು” ಎಂದೆ.

ಬಿಟ್ಟಳು. ಒಂದೂ ಉಳಿಯದಂತೆ ಕೆರೆದೆ. ರಕ್ತ ಬಂತು, ಗಾಯ ಜೀವಂತವಿದೆ ಎಂದು ತಿಳಿದೆ. ಮುಂದಿನ ಸೋಮವಾರ ಗಾಯ ಮೊದಲಿಗಿಂತ ದೊಡ್ಡದಾಗಿತ್ತು. ಅದು ಮುಚ್ಚುವ ಹೊತ್ತಿಗೆ ಬಳೆಯ ಗುರುತಿನ ಹಾಳೆಗಳು ಹನ್ನೊಂದಾದವು. ಮದುವೆಯ ದಿನಗಳು ಮುಗಿದುಹೋಗಿದ್ದವು.

ಆ ಬಿಳಿ ಚುಕ್ಕಿಗಳು ಏನೆಂದು ಗೊತ್ತಾದದ್ದು ಬಸವನಬಾಗೇವಾಡಿಗೆ ಬಂದ ಮೇಲೆ. ಅಲ್ಲಿ ಒಬ್ಬರು ಹೆಣ್ಣು ಡಾಕ್ಟರು, ನನ್ನ ಮಗಳ ವಯಸ್ಸಿನವರು, ಮಾತು ಮೆತ್ತಗೆ. ಬಂದವರೇ ಒಣ ಬಟ್ಟೆ ಕಟ್ಟುವುದನ್ನು ನಿಲ್ಲಿಸಿದರು, ನೊರೆ ಔಷಧಿಯನ್ನು ಮೋರಿಗೆ ಸುರಿದರು. “ಗಾಯಕ್ಕೂ ತೇವ ಬೇಕ್ರಿ ಹುಸೇನಬಿ. ಒಣಗಿದ ಹೊಲದಾಗ ಸಸಿ ಏಳ್ತಾವೇನ್ರಿ?” ಎಂದರು. ನನಗೆ ಒಳಗೊಳಗೇ ಸಿಟ್ಟು, ನಿನ್ನೆ ಮೊನ್ನೆ ಬಂದವರು ನನಗೆ ಹೇಳಿಕೊಡುತ್ತಾರಲ್ಲ ಎಂದು. ಒಂದು ದಿನ ಒಬ್ಬ ಮುದುಕಿಯ ಸುಟ್ಟ ತೋಳಿನ ಕಟ್ಟು ಬಿಚ್ಚಿದೆ. ನಡುವೆ ಅವೇ ಬಿಳಿ ಚುಕ್ಕಿಗಳು. ಚಿಮಟ ಎತ್ತಿದೆ. ಡಾಕ್ಟರು ಸಾವಕಾಶ ನನ್ನ ಕೈ ಸರಿಸಿದರು.

“ಇವು ಹೊಸಾ ಚರ್ಮ ರೀ. ಸುಟ್ಟಿದ್ದು ಪೂರ್ತಿ ಆಳಕ್ಕ ಇಳಿದಿದ್ದಿಲ್ಲಂದ್ರ ಒಳಗ ಕೂದಲಿನ ಬುಡಾ ಉಳದಿರ್ತಾವ. ಅಲ್ಲಿಂದ ಎದ್ದು ಸುತ್ತ ಹರಡತಾವ, ಅಂಚಿನಿಂದ ಬರೂ ಚರ್ಮ ಬಂದು ಕೂಡತೈತಿ. ಇವು ಇದ್ರ ಗಾಯ ಲಗೂನ ಮುಚ್ಚತೈತಿ.”

ಚಿಮಟವನ್ನು ತಟ್ಟೆಗೆ ಇಟ್ಟೆ. ಆ ದಿನದಿಂದ ನಾನು ಅವರು ಹೇಳಿದಂತೆಯೇ ಮಾಡಿದೆ, ನಾನು ತಪ್ಪು ಹೇಳಿಕೊಟ್ಟವರಲ್ಲಿ ಸಿಕ್ಕವರಿಗೆಲ್ಲ ತಿದ್ದಿ ಹೇಳಿದೆ. ಗುರವ್ವನ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ದುವಾ ಮಾಡುವಾಗ ಒಮ್ಮೊಮ್ಮೆ ಅವಳ ಕಾಲು ನೆನಪಿಗೆ ಬರುತ್ತಿತ್ತು, ಅಷ್ಟೆ.

ನಿವೃತ್ತಿಯಾದಾಗ ಹಾಳೆಗಳ ಪೆಟ್ಟಿಗೆಯನ್ನು ಮನೆಗೆ ತಂದೆ. ರುಬೀನಾ ಚಿಕ್ಕಂದಿನಿಂದ ಆ ಹಾಳೆಗಳನ್ನು ಬಿಸಿಲಿಗೆ ಹಿಡಿದು ಆಡಿದವಳು. ಎತ್ತು, ಮಡಕೆ, ಕುರಿ, ಬಳೆ, ಎಲ್ಲವೂ ಅವಳಿಗೆ ಗೊತ್ತು. ಕೌದಿ ಹೊಲಿಯುವುದನ್ನೂ ನನ್ನ ಪಕ್ಕದಲ್ಲೇ ಕಲಿತಳು. ಧಾರವಾಡಕ್ಕೆ ಓದಲು ಹೋಗಿ ಈ ಗಾಯದ ಲೆಕ್ಕ ಹಿಡಿದಾಗ, “ನಾನಿ, ನಿನ್ನ ಹಾಳಿ ಕೊಡ್ತಿಯೇನ? ವಾರಾ ವಾರಾ ಗಾಯ ಹೆಂಗ ಮುಚ್ಚಿತು ಅಂತ ಇಷ್ಟು ಚೊಕ್ಕ ಯಾರೂ ಬರದಿಟ್ಟಿಲ್ಲ” ಎಂದಳು. ಹೆಸರಿಲ್ಲ, ಗುರುತು ಮಾತ್ರ ಇದೆ, ಆದ್ದರಿಂದ ಯಾರ ಗುಟ್ಟೂ ಹೊರಗೆ ಬೀಳುವುದಿಲ್ಲ. ಒಯ್ಯಿ ಎಂದೆ.

ಈ ವರ್ಷ ಅವಳು ಕಂಪ್ಯೂಟರು ತಂದು ನನ್ನ ಕೌದಿಯ ಮೇಲಿಟ್ಟು ತೋರಿಸಿದಳು. ಪರದೆಯ ಮೇಲೆ ಸಾವಿರಾರು ಸಣ್ಣ ದುಂಡುಗಳು, ನಡುವೆ ಖಾಲಿ. “ಒಂದೊಂದು ದುಂಡು ಒಂದೊಂದು ಜೀವಕೋಶ. ನಾ ಇವಕ್ಕ ಸಣ್ಣ ಸಣ್ಣ ನಿಯಮ ಕೊಟ್ಟೇನಿ. ಬಾಜೂಕ ಜಾಗಾ ಖಾಲಿ ಇದ್ರ ಅತ್ತಾಗ ಸರಿ, ಗದ್ದಲ ಆದ್ರ ನಿಂದ್ರು, ಬಾಜೂದವನ ಕೈ ಬಿಡಬ್ಯಾಡ. ಗಾಯ ಎಷ್ಟು ದೊಡ್ಡದು ಅಂತ ಯಾವುದಕ್ಕೂ ಗೊತ್ತಿಲ್ಲ ನಾನಿ. ಬಾಜೂದ್ದು ಅಷ್ಟ ಗೊತ್ತು.”

“ಕೌದಿ ಹೊಲಿಯೂ ಹೆಣಮಕ್ಕಳಿದ್ದಂಗ. ತಮ್ಮ ತಮ್ಮ ಹೊಲಿಗಿ ನೋಡ್ತಾರ, ಕೌದಿ ತಾನ ಆಗತೈತಿ” ಎಂದೆ.

“ಅದನ್ನ ನೆನಿಸ್ಕೊಂಡ ಬರದೇನಿ” ಎಂದು ನಕ್ಕಳು.

ಗುಂಡಿ ಒತ್ತಿದರೆ ದುಂಡುಗಳು ಸರಿಯುತ್ತಿದ್ದವು, ಖಾಲಿ ಜಾಗ ಸುತ್ತಲಿನಿಂದ ಕಿರಿದಾಗುತ್ತಿತ್ತು. ಅದರ ಮೇಲೆ ನನ್ನ ಹಾಳೆಯ ಗೆರೆ ಇಟ್ಟು ನೋಡುವುದು. ಕುರಿಯ ಹಾಳೆಗಳು ಅವಳ ಲೆಕ್ಕಕ್ಕೆ ಕೂಡಿದವು, ಎತ್ತಿನವು ಕೂಡಿದವು. ಬಳೆಯ ಹಾಳೆಗಳು ಕೂಡಲಿಲ್ಲ. ಸುಟ್ಟ ಗಾಯವನ್ನು ಮೊದಲಿನಿಂದ ಕೊನೆಯವರೆಗೆ ನಾನು ಬರೆದದ್ದು ಅದೊಂದೇ, ಅವಳ ಕಡೆಯ ಅಧ್ಯಾಯ ನಿಂತದ್ದು ಅದರ ಮೇಲೇ. ಪುಸ್ತಕ ಒಪ್ಪಿಸಲು ಮೂರು ವಾರ ಉಳಿದಿತ್ತು.

“ಆರನೇ ವಾರದ ತನಕಾ ಸರಿ ಐತಿ. ಏಳನೇ ವಾರ ಗಾಯ ಹಿಂದಕ್ಕ ಹೋಗೇತಿ. ಗಾಯ ಹಿಂಗ ಯಾಕ ಹಿಂದಕ್ಕ ಹೋಗತೈತಿ?” ಎಂದಳು. ಆಮೇಲೆ ಆರನೇ ಹಾಳೆಯನ್ನು ಬೆಳಕಿಗೆ ಹಿಡಿದಳು. “ನಾನಿ, ನಡಕ ಈ ಚುಕ್ಕಿ ಏನು? ಶಾಯಿ ಸಿಡದದ್ದೇನ?”

“ಇರಬೇಕು” ಎಂದೆ.

ಬಾಯಿಂದ ಬಂದುಬಿಟ್ಟಿತು. ನನ್ನ ನಾನಿಯ ಕೈಗುಣ ದೊಡ್ಡದು ಎಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದ ಹುಡುಗಿ. ಅವಳ ಮುಂದೆ ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ. ಅವಳು ಚುಕ್ಕಿಗಳನ್ನು ಅಳಿಸಿ ಮತ್ತೆ ಲೆಕ್ಕ ಹಾಕಿದಳು. ಎರಡು ದಿನ ಅವಳು ತಟ್ಟೆಯ ಮುಂದೆ ಕೂತಳು, ಉಣ್ಣಲಿಲ್ಲ. “ನನ್ನ ನಿಯಮನ ತಪ್ಪಿರಬೇಕು. ಈ ಅಧ್ಯಾಯ ಕಿತ್ತು ಹಾಕ್ರಿ ಅಂದಾರ ನಮ್ಮ ಸರ್. ಇದಿಲ್ಲಂದ್ರ ಪುಸ್ತಕದಾಗ ಏನ ಉಳಿತೈತಿ” ಎಂದು ತಾಯಿಯ ಮುಂದೆ ಹೇಳುತ್ತಿದ್ದುದು ಕೇಳಿಸಿತು.

ಮೂರನೇ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಅವಳು ಚಹಾ ಕುಡಿಯಲು ಬಂದು ಒಲೆಯ ಹತ್ತಿರ ಕೂತಳು. ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ, ಹಿಟ್ಟು ನೋಡುತ್ತಾ ಹೇಳಿದೆ. “ರುಬೀ, ಅದು ಶಾಯಿ ಅಲ್ಲ. ಅದು ಚರ್ಮ. ನಡಕ ಎದ್ದಿತ್ತು, ನಾ ಹೊಲಸು ಅಂತ ತಿಳದು ಕೆರದ ತಗದೆ. ಗುರವ್ವ ಬ್ಯಾಡ ಅಂದ್ಲು, ನಾ ಕೇಳಲಿಲ್ಲ. ನಿನಗೂ ಸುಳ್ಳ ಹೇಳಿದೆ.”

ರೊಟ್ಟಿ ಹೊತ್ತಿತು. ಅವಳು ಬೈಯುತ್ತಾಳೆಂದು ಕಾದೆ.

“ಎಷ್ಟ ಚುಕ್ಕಿ ಇದ್ವು?” ಎಂದಳು.

“ಹಾಳಿ ಮ್ಯಾಲ ಎಷ್ಟ ಅದಾವೋ ಅಷ್ಟ.”

“ಎಲ್ಲಾ ತಗದಿ?”

“ಒಂದೂ ಬಿಡಲಿಲ್ಲ.”

ಚಹಾ ಅಲ್ಲೇ ಬಿಟ್ಟು ಎದ್ದು ಹೋದಳು. ಮಧ್ಯಾಹ್ನ ಕರೆದಳು. ಪರದೆಯ ಮೇಲೆ ಅದೇ ಖಾಲಿ ಜಾಗ, ಆದರೆ ಈಗ ನಡುವೆಯೂ ಸಣ್ಣ ಸಣ್ಣ ಗುಂಪುಗಳು. ಗುಂಡಿ ಒತ್ತಿದಳು. ನಡುವಿನ ಗುಂಪುಗಳು ಹರಡಿದವು, ಅಂಚಿನವು ಒಳಗೆ ಬಂದವು, ಒಂದಕ್ಕೊಂದು ಕೈ ಹಿಡಿದವು, ಗಾಯ ಲಗುಬಗೆಯಿಂದ ಮುಚ್ಚಿತು. “ಇದು ನೀ ಕೆರೀದಿದ್ರ” ಎಂದಳು. ಎಂಟೇ ವಾರ. ಹಾಗಾಗಿದ್ದರೆ ಗುರವ್ವ ಮದುವೆಯ ದಿನಗಳಿಗೆ ಎದ್ದು ಓಡಾಡುತ್ತಿದ್ದಳು. ನನಗೆ ಕಣ್ಣು ತುಂಬಿತು. ಆಮೇಲೆ ಆರನೇ ವಾರಕ್ಕೆ ನಡುವಿನ ಗುಂಪುಗಳನ್ನೆಲ್ಲ ಅಳಿಸಿ, ಚಿಮಟ ತಾಗಿರಬಹುದಾದ ಅಂಚನ್ನೂ ಸ್ವಲ್ಪ ಕೆರೆದು ಮತ್ತೆ ಓಡಿಸಿದಳು. ಏಳು, ಎಂಟು, ಒಂಬತ್ತು. ವಾರ ವಾರ ನನ್ನ ಹಾಳೆಯ ಗೆರೆಯ ಮೇಲೆ ಅವಳ ಗೆರೆ ಬಂದು ಕೂತಿತು. ಹನ್ನೊಂದನೆಯದರವರೆಗೂ.

“ನಾನಿ, ನೀ ಕೆರದದ್ದು ಕಾಣಾಕತ್ತೇತಿ” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇದ್ದವು. “ನಂದೂ ಅದ ತಪ್ಪು. ನೀ ಕೌದಿ ಕಲಿಸಿದಂಗ ಅಂಚಿನಿಂದನ ಹಿಡದಿದ್ದೆ. ನಡಕ ಏನರ ಹುಟ್ಟಬಹುದು ಅಂತ ಈ ಗಾಯಕ್ಕ ಜಾಗಾನ ಇಟ್ಟಿದ್ದಿಲ್ಲ.”

ಅಲ್ಲಿಗೆ ಮುಗಿಯಲಿಲ್ಲ. ಅವಳು ಬರೆದದ್ದನ್ನು ಕನ್ನಡದಲ್ಲಿ ಹೇಳು ಎಂದೆ. ಹೇಳಿದಳು: ಆರನೇ ವಾರದ ನಂತರ ಚುಕ್ಕಿಗಳು ಕಾಣೆಯಾದವು.

“ಕಾಣಿ ಆಗಾಕ ಅವೇನ ಕುರಿ ಮರಿಯೇನ? ಹುಸೇನಬಿ ಕೆರದ್ಲು ಅಂತ ಬರಿ.”

“ನಿನ್ನ ಹೆಸರ ಯಾಕ ಕೆಡಸ್ಲಿ ನಾನಿ.”

“ನಾಳೆ ಯಾರೋ ಓದಿ, ಚುಕ್ಕಿ ತಾವಾಗೇ ಹೋಗ್ತಾವ ಅಂತ ತಿಳಕೊಂಡ್ರ? ಬರಿ. ಆದ್ರ ಮೊದಲ ಗುರವ್ವನ್ನ ಕೇಳೂಣು. ಕಾಲು ಆಕಿದು.”

ರುಬೀನಾಳನ್ನು ಕರೆದುಕೊಂಡು ಹೋದೆ. ಮುದ್ದೇಬಿಹಾಳ ಬಜಾರಿನಲ್ಲಿ ಗುರವ್ವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಈಗ ಬುಟ್ಟಿ ಹೊರುವುದಿಲ್ಲ, ಅಂಗಡಿಯ ಕಟ್ಟೆಯ ಮೇಲೆ ಕೂತು ಬಳೆ ಇಡುತ್ತಾಳೆ. ನನ್ನನ್ನು ನೋಡಿ, “ಏನ ಬೇ, ಮುದುಕಿ ಆಗೀದಿ” ಎಂದಳು. ನಾನು ನಿಂತೇ ಎಲ್ಲ ಹೇಳಿದೆ. ಅವಳು ಒಬ್ಬ ಮದುಮಗಳಿಗೆ ಬಳೆ ಇಡುತ್ತಾ ಕೇಳಿಸಿಕೊಂಡಳು, ನಡುವೆ ಒಂದು ಬಳೆಯೂ ಒಡೆಯಲಿಲ್ಲ.

“ಅವತ್ತ ನಾ ಮುಟ್ಟಬ್ಯಾಡ ಅಂದಿದ್ನಿಲ್ಲೋ?”

“ಅಂದಿದ್ದಿ.”

“ನೀ ಏನಂದಿ?”

“ಬಿಡು ಗುರವ್ವ.”

“ಇಲ್ಲ, ಹೇಳು. ಈ ಹುಡುಗಿನೂ ಕೇಳ್ಲಿ.”

“ಬಳಿ ಇಡೂದು ನಿನ್ನ ಕೆಲಸ, ಗಾಯ ತೊಳಿಯೂದು ನನ್ನ ಕೆಲಸ ಅಂದೆ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ಮೊದಲು ನಗಲಿಲ್ಲ. “ಆ ವರ್ಷ ಮದಿವಿ ಬಳಿ ಎಲ್ಲಾ ಬ್ಯಾರೇದವರು ಇಟ್ರು. ನಿನ್ನ ಮ್ಯಾಲ ಸಿಟ್ಟ ಬಂದಿತ್ತು, ಖರೇ ಹೇಳ್ತೇನಿ” ಎಂದಳು. ಸೀರೆಯ ಅಂಚು ಎತ್ತಿ ತೋರಿಸಿದಳು. ಕಾಲು ಗಟ್ಟಿಯಾಗಿತ್ತು, ಕಲೆಯ ನಡುವೆ ಮಾತ್ರ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. “ಇಷ್ಟ ವರ್ಷ ಇದನ್ನ ಹೊತ್ಕೊಂಡ ಅಡ್ಡಾಡಿದೇನ ನೀ? ನನ್ನ ಬಳಿ ಬುಟ್ಟಿನ ಹಗುರ ಇತ್ತ ಹಂಗಾರ.” ಆಗ ನಕ್ಕಳು. ರುಬೀನಾಳ ಕೈ ಹಿಡಿದು ಬೆರಳು ಒತ್ತಿ ಅಳತೆ ನೋಡಿ ಹಸಿರು ಬಳೆ ಇಡತೊಡಗಿದಳು. “ಬರಿಯವಾ, ನಿಮ್ಮ ನಾನಿ ಕೆರದ್ಲು ಅಂತ ಬರಿ. ನನ್ನ ಹೆಸರ ಬ್ಯಾಡ, ಬಳಿ ಗುರುತ ಸಾಕು. ಆದ್ರ ನಾ ಬ್ಯಾಡ ಅಂದಿದ್ನಿ ಅನ್ನೂದನ್ನೂ ಬರಿ. ಅದನ್ನ ಬಿಟ್ರ ನಾ ಒಪ್ಪಾಕಿಲ್ಲ.”

ಪರೀಕ್ಷೆಯ ದಿನ ದೊಡ್ಡ ದೊಡ್ಡವರು ಕೂತು ಆ ಕಡೆಯ ಅಧ್ಯಾಯವನ್ನೇ ಬಹಳ ಕೇಳಿದರಂತೆ. ಇವಳು ಹಸಿರು ಬಳೆಯ ಕೈಯಲ್ಲೇ ಉತ್ತರ ಹೇಳಿದಳಂತೆ. ಪಾಸು ಎಂದು ಫೋನು ಬಂದಾಗ ನಾನು ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದೆ, ಸೂಜಿ ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ.

ಬಸ್ ನಿಲ್ದಾಣದ ಮಗಳೇ, ನಿನಗೆ ಹೇಳಲು ಇನ್ನೂ ಹತ್ತು ಮಾತಿದ್ದವು, ಸಂತೋಷದಲ್ಲಿ ಮರೆತುಹೋಗಿವೆ. ಪುಸ್ತಕ ಮನೆಗೆ ಬಂದಿದೆ. ದಪ್ಪವಾಗಿದೆ, ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ. ಒಂದು ಪುಟಕ್ಕೆ ರುಬೀನಾ ಹಸಿರು ದಾರ ಇಟ್ಟು ಕೊಟ್ಟಿದ್ದಾಳೆ. ಅಲ್ಲಿ ಎರಡು ಸಾಲು ಇವೆ, ಅವಳು ಓದಿ ಹೇಳಿ ಬಾಯಿಪಾಠವಾಗಿವೆ, ಬೆರಳಿಟ್ಟು ನಾನೇ ಹೇಳಬಲ್ಲೆ: ಆರನೇ ವಾರ ಹುಸೇನಬಿ ನಡುವಿನ ಚರ್ಮವನ್ನು ಹೊಲಸೆಂದು ತಿಳಿದು ಕೆರೆದಳು. ಕಾಲಿನವಳು ಮುಟ್ಟಬೇಡ ಎಂದಿದ್ದಳು.